ಸಮುದಾಯದೊಡನೆ ಸಂಶೋಧನೆ: ಕರ್ನಾಟಕದ ಆರೋಗ್ಯ ಮಾನವಶಾಸ್ತ್ರ ಬೆಳೆದ ಬಗೆ

ಕರ್ನಾಟಕದಲ್ಲಿ ಮಾನವಶಾಸ್ತ್ರವು ಬೇರುಬಿಟ್ಟದ್ದು ಮುಖ್ಯವಾಗಿ ಹಳ್ಳಿಗಳ ಅಧ್ಯಯನದಿಂದ. ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲೆಸಿ, ಬರಹದಲ್ಲಿ ಅದನ್ನು ರಾಮಪುರವೆಂದು ಕರೆದು ನಡೆಸಿದ ಕ್ಷೇತ್ರಕಾರ್ಯವೂ, ಸ್ಕಾರ್ಲೆಟ್ ಎಪ್‌ಸ್ಟೈನ್ ಅವರು 1950ರ ದಶಕದ ನಡುಭಾಗದಲ್ಲಿ ಮಂಡ್ಯ ಜಿಲ್ಲೆಯ ಎರಡು ಹಳ್ಳಿಗಳನ್ನು, ಒಂದಕ್ಕೆ ನಾಲೆಯ ನೀರು ಬಂದಿತ್ತು, ಇನ್ನೊಂದಕ್ಕೆ ಬಂದಿರಲಿಲ್ಲ ಎಂಬ ಕಾರಣಕ್ಕಾಗಿಯೇ ಆರಿಸಿಕೊಂಡು ಹೋಲಿಸಿದ ಅಧ್ಯಯನವೂ ಈ ಪರಂಪರೆಯ ಮೊದಲ ಘಟ್ಟಕ್ಕೆ ಸೇರುತ್ತವೆ. ಸಂಶೋಧಕನು ಜನರ ನಡುವೆ ದೀರ್ಘಕಾಲ ಬದುಕಿ, ಅವರ ದಿನಚರಿಯಲ್ಲಿ ಬೆರೆಯುತ್ತಲೇ ಅದನ್ನು ಗಮನಿಸಿ ದಾಖಲಿಸುವ ಸಹಭಾಗಿ ಅವಲೋಕನವೆಂಬ ವಿಧಾನ ಇವಕ್ಕೆ ಆಧಾರವಾಗಿತ್ತು. ಆದರೆ ಹಳ್ಳಿಯವರ ಪಾತ್ರ ಮಾಹಿತಿ ಕೊಡುವಲ್ಲಿಗೆ ಮುಗಿಯುತ್ತಿತ್ತು; ಯಾವ ಪ್ರಶ್ನೆಯನ್ನು ಕೇಳಬೇಕು, ಬಂದ ಉತ್ತರವನ್ನು ಯಾರ ಮುಂದೆ ಇಡಬೇಕು ಎಂಬುದೆಲ್ಲ ವಿಶ್ವವಿದ್ಯಾನಿಲಯದಲ್ಲಿ ತೀರ್ಮಾನವಾಗುತ್ತಿತ್ತು. ಈ ಸಂಬಂಧ ಎದ್ದು ಕಾಣುವಂತೆ ಬದಲಾದದ್ದು ಆರೋಗ್ಯದ ಕ್ಷೇತ್ರದಲ್ಲಿ, ಅದೂ ನಗರಗಳ ಅಂಚಿನಲ್ಲಿ ಬದುಕುವವರ ನಡುವೆ. ಮಾನವಶಾಸ್ತ್ರದ ಒಳಗೆ ನಡೆದ ಆತ್ಮವಿಮರ್ಶೆಗಿಂತ ಒಂದು ಸಾಂಕ್ರಾಮಿಕ ರೋಗದ ಒತ್ತಡವೂ, ಬರಿಯ ಅಂಕಿಯಾಗಿ ಉಳಿಯಲೊಲ್ಲದ ಜನರ ಪ್ರತಿರೋಧವೂ ಈ ಬದಲಾವಣೆಗೆ ಹೆಚ್ಚಿನ ಕಾರಣಗಳೆಂದು ಇಲ್ಲಿ ವಾದಿಸಲಾಗಿದೆ.

ರೋಗ, ನೋವು, ಚಿಕಿತ್ಸೆಗಳ ಬಗ್ಗೆ ಜನರಿಗಿರುವ ತಿಳಿವಳಿಕೆಯನ್ನೂ ಅದರ ಹಿಂದಿನ ಸಾಮಾಜಿಕ ಕಾರಣಗಳನ್ನೂ ಅರಸುವ ಶಾಖೆಗೆ ವೈದ್ಯಕೀಯ ಮಾನವಶಾಸ್ತ್ರವೆಂದು ಹೆಸರು. ಕರ್ನಾಟಕದಲ್ಲಿ ಈ ಶಾಖೆಗೆ ಗಟ್ಟಿ ನೆಲೆ ಒದಗಿಸಿದವರಲ್ಲಿ 1970ರ ದಶಕದಲ್ಲಿ ದಕ್ಷಿಣ ಕನ್ನಡಕ್ಕೆ ಬಂದ ಅಮೆರಿಕದ ಮಾರ್ಕ್ ನಿಕ್ಟರ್ ಪ್ರಮುಖರು. ಹವ್ಯಕ ಹೆಂಗಸರು ಬಾಯಿಬಿಟ್ಟು ಆಡಲಾಗದ ಸಂಕಟವನ್ನು ಉಪವಾಸ, ಮೈ ಸೊರಗುವಿಕೆ, ಮಡಿಯ ಅತಿರೇಕ ಮುಂತಾದ ದಾರಿಗಳಲ್ಲಿ ಹೊರಗೆಡಹುವುದನ್ನು ಅವರು 1981ರ ಪ್ರಬಂಧವೊಂದರಲ್ಲಿ ವಿವರಿಸಿದರು; ಮಾನಸಿಕ ಆರೋಗ್ಯದ ಜಾಗತಿಕ ಚರ್ಚೆಯಲ್ಲಿ ಆ ಬರಹ ಇಂದಿಗೂ ಉಲ್ಲೇಖಗೊಳ್ಳುತ್ತದೆ. 1987ರಲ್ಲಿ ಅವರು ಮಂಗನ ಕಾಯಿಲೆಯ ಬಗ್ಗೆ ಬರೆದರು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ, ಉಣ್ಣೆಗಳಿಂದ ಹರಡುವ ಈ ಜ್ವರ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ತಾಲ್ಲೂಕಿನಲ್ಲಿ ಉಲ್ಬಣಿಸಿದ್ದಕ್ಕೂ ಅಲ್ಲಿನ ಕಾಡು ಕಡಿದದ್ದಕ್ಕೂ ಸಂಬಂಧವಿದೆಯೆಂದು ತೋರಿಸಿ, ಇದು ಅಭಿವೃದ್ಧಿಯೇ ತಂದ ಕಾಯಿಲೆಯೆಂದು ಅವರು ಹೇಳಿದರು. ರೋಗದ ಕಾರಣ ರೋಗಿಯ ಅಜ್ಞಾನದಲ್ಲಷ್ಟೇ ಅಲ್ಲ, ಆಡಳಿತದ ನಿರ್ಧಾರಗಳಲ್ಲೂ ಇರಬಹುದು ಎಂಬ ನಿಲುವು ಮುಂದಿನ ತಲೆಮಾರಿನ ಸಂಶೋಧಕರಿಗೆ ದಾರಿಯಾಯಿತು. ಇದೇ ಹೊತ್ತಿಗೆ, 1984ರಲ್ಲಿ, ವೈದ್ಯ ದಂಪತಿಗಳಾದ ರವಿ ನಾರಾಯಣ್ ಮತ್ತು ತೆಲ್ಮಾ ನಾರಾಯಣ್ ಬೆಂಗಳೂರಿನಲ್ಲಿ ಕಮ್ಯುನಿಟಿ ಹೆಲ್ತ್ ಸೆಲ್ ಸ್ಥಾಪನೆಯಲ್ಲಿ ತೊಡಗಿದರು. ಆರೋಗ್ಯವು ಜನರ ಹಕ್ಕು ಮತ್ತು ಜನರ ಕೆಲಸ ಎಂಬ ಮಾತಿಗೆ ಅಲ್ಲಿಂದ ಒಂದು ಸಾಂಸ್ಥಿಕ ನೆಲೆ ದೊರಕಿತು.

ಹೊಸ ಘಟ್ಟವನ್ನು ತೆರೆದದ್ದು ಎಚ್‌ಐವಿ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಅವರ ತಂಡವು ಲೈಂಗಿಕ ವೃತ್ತಿಯಲ್ಲಿದ್ದ ಮಹಿಳೆಯರಲ್ಲಿ ಈ ಸೋಂಕನ್ನು ದೇಶದಲ್ಲಿ ಮೊದಲ ಬಾರಿಗೆ ಪತ್ತೆಹಚ್ಚಿದ ಮೇಲೆ, ಆ ಮಹಿಳೆಯರನ್ನು ರೋಗಕ್ಕೆ ತುತ್ತಾದವರೆಂದು ನೋಡುವ ಬದಲು ರೋಗ ಹರಡುವವರೆಂದು ನೋಡುವ ಪ್ರವೃತ್ತಿ ಆಸ್ಪತ್ರೆಗಳಲ್ಲೂ ಪೊಲೀಸ್ ಠಾಣೆಗಳಲ್ಲೂ ಬಲಿಯಿತು. ಇಂಥ ವಾತಾವರಣದಲ್ಲಿ ಹೊರಗಿನ ಸಂಶೋಧಕನು ಪ್ರಶ್ನಾವಳಿ ಹಿಡಿದು ಹೋದರೆ ನಿಜವಾದ ಉತ್ತರ ಸಿಗುವಂತಿರಲಿಲ್ಲ. ಬೇರೆಯೇ ಬಗೆಯ ಕೆಲಸ ಸಾಧ್ಯವೆಂದು 1992ರಲ್ಲಿ ಎರಡು ಕಡೆಯಿಂದ ಸೂಚನೆ ಬಂತು. ಕೋಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ ಅವರು ಆ ವೃತ್ತಿಯ ಮಹಿಳೆಯರನ್ನೇ ಆರೋಗ್ಯ ಕಾರ್ಯಕರ್ತೆಯರನ್ನಾಗಿ ಮಾಡಿಕೊಂಡರು. ಅದೇ ವರ್ಷ ಮಹಾರಾಷ್ಟ್ರದ ಸಾಂಗ್ಲಿಯಲ್ಲಿ ಮೀನಾ ಶೇಷು ಅವರ ಸಂಗ್ರಾಮ್ ಸಂಸ್ಥೆ ಆರಂಭವಾಯಿತು. ಅದರ ಜೊತೆಗೆ 1996ರಲ್ಲಿ ರೂಪುಗೊಂಡ ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್ತಿನಲ್ಲಿ ಗಡಿಯ ಆಚೆ ಈಚೆ ಬದುಕುವ, ಕನ್ನಡ ಮಾತಾಡುವ ದೇವದಾಸಿ ಮಹಿಳೆಯರೂ ಇದ್ದುದರಿಂದ ಇದು ಕನ್ನಡದ ಸಂದರ್ಭಕ್ಕೂ ಸೇರಿದ ಚರಿತ್ರೆಯೇ ಆಗಿದೆ.

ಹೆಚ್ಚು ಸೋಂಕಿನ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದೆಂದು ಗುರುತಾಗಿದ್ದರಿಂದ 2000ದ ನಂತರ ಇಲ್ಲಿ ಹಣವೂ ಸಂಸ್ಥೆಗಳೂ ಒಟ್ಟಿಗೆ ಬಂದವು. ಕೆನಡಾದ ನೆರವಿನ ಯೋಜನೆಯೊಂದು 2001ರಲ್ಲಿ ಶುರುವಾಯಿತು. 2003ರಲ್ಲಿ ರಾಜ್ಯದ ಏಡ್ಸ್ ನಿಯಂತ್ರಣ ಸಂಸ್ಥೆ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯಗಳ ಸಹಯೋಗದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿತು. ಅದೇ ವರ್ಷ ಬಿಲ್ ಮತ್ತು ಮೆಲಿಂಡಾ ಗೇಟ್ಸ್ ಪ್ರತಿಷ್ಠಾನದ, ಎಚ್‌ಐವಿ ತಡೆಗಾಗಿನ ಆವಾಹನ್ ಕಾರ್ಯಕ್ರಮ ಆರಂಭವಾಯಿತು. ಉತ್ತರ ಕರ್ನಾಟಕದ ಎಳೆಯ ದೇವದಾಸಿಯರ ಬದುಕನ್ನು ಕುರಿತು ಟ್ರೀನಾ ಆರ್ಚರ್ಡ್ 2007ರಲ್ಲಿ ಪ್ರಕಟಿಸಿದ ಪ್ರಬಂಧ ಈ ಅವಧಿಯ ಗಂಭೀರ ಕೆಲಸಗಳಲ್ಲೊಂದು. ಆದರೂ ಸಹಭಾಗಿತ್ವದ ದೃಷ್ಟಿಯಿಂದ ಹೆಚ್ಚು ದೂರ ಸಾಗಿದ್ದು ಮೈಸೂರು.

ಸೋನಾಗಾಚಿಯಂತೆ ಮೈಸೂರಿನಲ್ಲಿ ಒಂದೇ ಕಡೆ ನೆಲೆನಿಂತ ಕೇರಿ ಇರಲಿಲ್ಲ. ಇಲ್ಲಿನ ವೃತ್ತಿ ಬಹುಮಟ್ಟಿಗೆ ಬೀದಿಯದು. ಬಸ್ ನಿಲ್ದಾಣ, ಮಾರುಕಟ್ಟೆ, ಉದ್ಯಾನಗಳಲ್ಲಿ ಗಿರಾಕಿ ಸಿಕ್ಕರೆ ಲಾಡ್ಜಿನ ಕೋಣೆಯಲ್ಲಿ ನಡೆಯುವಂಥದು. ಹೀಗಾಗಿ ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದೇ ಹೊರಗಿನವರಿಗೆ ಕಾಣದ ಸಂಗತಿಯಾಗಿತ್ತು. ಡಾ. ಸುಶೇನಾ ರೆಜಾ-ಪಾಲ್ ಅವರ ನೇತೃತ್ವದಲ್ಲಿ 2004ರಲ್ಲಿ ಕೆಲಸ ಆರಂಭಿಸಿದ ಮ್ಯಾನಿಟೋಬಾದ ತಂಡವು ಊರಿನ ನಕ್ಷೆ ಬರೆಯುವ ಹೊಣೆಯನ್ನು ಆ ವೃತ್ತಿಯಲ್ಲಿದ್ದವರಿಗೇ ವಹಿಸಿತು. ತಮ್ಮವರು ಸೇರುವ ಜಾಗಗಳನ್ನು ಅವರೇ ಗುರುತಿಸಿದರು, ಎದುರಾದವರೊಡನೆ ಅವರೇ ಮಾತಾಡಿದರು, ಚಿಕಿತ್ಸಾಲಯ ಹೇಗಿರಬೇಕು ಎಂಬುದರಲ್ಲಿ ಅವರ ಮಾತೂ ನಡೆಯಿತು. ಈ ಗುಂಪೇ 2005ರಲ್ಲಿ ಆಶೋದಯ ಸಮಿತಿಯಾಗಿ ಸಂಘಟಿತವಾಯಿತು. ಹೆಂಗಸರು, ಗಂಡಸರು, ಲಿಂಗತ್ವ ಅಲ್ಪಸಂಖ್ಯಾತರು ಒಂದೇ ಸಂಘದಲ್ಲಿರುವುದು ಇದರ ವಿಶೇಷ. ಅವರ ಬೇಡಿಕೆಗಳ ಪಟ್ಟಿಯಲ್ಲಿ ಕಾಂಡೋಮಿಗಿಂತ ಮೊದಲು ಪೊಲೀಸರ ಮತ್ತು ಗೂಂಡಾಗಳ ಹೊಡೆತದಿಂದ ರಕ್ಷಣೆ ಬಂತು. ಹಿಂಸೆಯ ಸುದ್ದಿ ಬಂದ ಕೂಡಲೇ ಸ್ಥಳಕ್ಕೆ ಧಾವಿಸುವ ಸಮುದಾಯದ ತಂಡ ರೂಪುಗೊಂಡದ್ದು ಈ ಕಾರಣದಿಂದ, ಮತ್ತು ಆರೋಗ್ಯ ಸಂಶೋಧನೆಯ ವ್ಯಾಖ್ಯೆಯೊಳಗೆ ಪೊಲೀಸ್ ಠಾಣೆಯೂ ಬಂದು ಸೇರಿದ್ದು ಹೀಗೆ.

ಫಲಿತಾಂಶವನ್ನು ಅಳೆಯುವ ಸಮೀಕ್ಷೆಗಳೂ ನಡೆದವು. 2004 ಮತ್ತು 2006ರ ನಡುವೆ ಮೈಸೂರಿನ ಲೈಂಗಿಕ ಕಾರ್ಯಕರ್ತೆಯರಲ್ಲಿ ಸಿಫಿಲಿಸ್ ಪ್ರಮಾಣವು ಶೇ. 25ರಿಂದ 12ಕ್ಕೂ, ಟ್ರೈಕೊಮೊನಾಸ್ ಸೋಂಕು ಶೇ. 33ರಿಂದ 14ಕ್ಕೂ ಇಳಿದದ್ದು ಕಂಡುಬಂತು; ಎಚ್‌ಐವಿ ಪ್ರಮಾಣ ಮಾತ್ರ ಶೇ. 26 ಇದ್ದದ್ದು 24ರಲ್ಲಿ, ಅಂದರೆ ಹೆಚ್ಚುಕಡಿಮೆ ಮೊದಲಿದ್ದಲ್ಲೇ ನಿಂತಿತ್ತು. ಒಮ್ಮೆ ತಗುಲಿದ ಎಚ್‌ಐವಿ ಸೋಂಕು ದೇಹದಲ್ಲಿ ಉಳಿಯುವುದರಿಂದ ಎರಡು ವರ್ಷಗಳಲ್ಲಿ ಒಟ್ಟು ಪ್ರಮಾಣ ಕುಸಿಯುವುದನ್ನು ನಿರೀಕ್ಷಿಸಲಾಗದು.

ಹೀಗೆ ಸಂಗ್ರಹಿಸಿದ ಮಾಹಿತಿಯನ್ನು ಎಷ್ಟು ನಂಬಬಹುದು ಎಂಬ ಪ್ರಶ್ನೆಗೆ ಉತ್ತರವಾಗಿ ಕರ್ನಾಟಕದ ಯೋಜನೆಗಳು ಬಳಸಿದ ಮತಗಟ್ಟೆ ಸಮೀಕ್ಷೆ ಎಂಬ ಉಪಾಯವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಹತ್ತು ಹನ್ನೆರಡು ಮಂದಿಯ ಗುಂಪನ್ನು ಒಂದು ಕೋಣೆಯಲ್ಲಿ ಕೂರಿಸಿ, ಒಬ್ಬರಿಗೊಬ್ಬರು ಕಾಣದಂತೆ ನಡುವೆ ರಟ್ಟಿನ ಮರೆ ಇಡಲಾಗುತ್ತದೆ. ಪ್ರತಿಯೊಬ್ಬರ ಮುಂದೆ ಹಸಿರು, ಕೆಂಪು, ಬಿಳಿ ಪೆಟ್ಟಿಗೆಗಳೂ, ಪ್ರಶ್ನೆಯ ಸಂಖ್ಯೆ ಬರೆದ ಚೀಟಿಗಳೂ ಇರುತ್ತವೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದಿದಾಗ ಹೌದೆನ್ನುವವರು ಚೀಟಿಯನ್ನು ಹಸಿರು ಪೆಟ್ಟಿಗೆಗೂ, ಇಲ್ಲವೆನ್ನುವವರು ಕೆಂಪಿಗೂ, ಪ್ರಶ್ನೆ ತಮಗೆ ಅನ್ವಯಿಸದೆನ್ನುವವರು ಬಿಳಿಗೂ ಹಾಕುತ್ತಾರೆ. ಓದುಬರಹ ಬೇಕಿಲ್ಲ, ಹೆಸರು ಬೇಕಿಲ್ಲ. ಕೊನೆಗೆ ಎಲ್ಲರ ಚೀಟಿಗಳನ್ನೂ ಬೆರೆಸಿ ಗುಂಪಿನ ಮುಂದೆಯೇ ಎಣಿಸಿ, ಬಂದ ಫಲಿತವನ್ನು ಅವರೊಡನೆ ಚರ್ಚಿಸುವುದು ವಾಡಿಕೆ. ಮುಖಾಮುಖಿ ಸಂದರ್ಶನದಲ್ಲಿ ಹೇಳದೆ ಉಳಿಸಿಕೊಳ್ಳುವ ಅಪಾಯಕಾರಿ ನಡವಳಿಕೆಗಳು ಈ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಹೊರಬಿದ್ದವು. ಸಂಖ್ಯಾಶಾಸ್ತ್ರಜ್ಞರು ಇದನ್ನು ಉತ್ತರಗಳ ಪಕ್ಷಪಾತ ತಗ್ಗಿಸುವ ತಂತ್ರವೆಂದು ಕರೆಯುತ್ತಾರೆ. ಎದುರಿಗೆ ಕೂತವರು ಯಾರೆಂಬುದನ್ನು ನೋಡಿಕೊಂಡೇ ಜನ ಮಾತಾಡುತ್ತಾರೆಂಬ, ಮಾನವಶಾಸ್ತ್ರಕ್ಕೆ ಹಳೆಯದಾದ ಅರಿವು ಇಲ್ಲಿ ಅಂಕಿಗಳಲ್ಲಿ ದೃಢಪಟ್ಟಿತೆಂದೂ ಹೇಳಬಹುದು.

ಮೈಸೂರಿನ ಈ ಅನುಭವವನ್ನು ಶಾಸ್ತ್ರದ ಒಳಗಿಂದ ಹೆಚ್ಚು ಆಳವಾಗಿ ಯೋಚಿಸಿದವರು ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ವೈದ್ಯಕೀಯ ಮಾನವಶಾಸ್ತ್ರಜ್ಞ ರಾಬರ್ಟ್ ಲಾರ್‌ವೇ. ರೆಜಾ-ಪಾಲ್ ಮತ್ತು ಇನ್ನೊಬ್ಬ ಸಹಲೇಖಕ ಪಾಷಾ ಅವರೊಡನೆ ಅವರು 2009ರಲ್ಲಿ ಪ್ರಕಟಿಸಿದ ಪ್ರಬಂಧ ಮೈಸೂರಿನ ಪುರುಷ ಲೈಂಗಿಕ ಕಾರ್ಯಕರ್ತರನ್ನು ಕುರಿತದ್ದು. ಅದರ ಹೆಚ್ಚುಗಾರಿಕೆಯಿರುವುದು ಸಹಭಾಗಿ ಸಂಶೋಧನೆಯನ್ನು ಕೊಂಡಾಡುವುದರಲ್ಲಲ್ಲ, ಅದನ್ನೇ ಪರೀಕ್ಷೆಗೆ ಒಡ್ಡುವುದರಲ್ಲಿ. ಸಂಶೋಧನೆಯೂ ಸಬಲೀಕರಣದ ಕಾರ್ಯಕ್ರಮವೂ ಮೊದಲೇ ಇದ್ದ ಸಮುದಾಯವೊಂದನ್ನು ಕಂಡುಹಿಡಿಯುವುದಷ್ಟೇ ಅಲ್ಲ, ತಮ್ಮನ್ನು ತಾವು ಹೀಗೆಂದು ಗುರುತಿಸಿಕೊಳ್ಳಲು ಜನರಿಗೆ ಕಲಿಸುವುದರ ಮೂಲಕ ಆ ಸಮುದಾಯವನ್ನು ರೂಪಿಸುತ್ತವೆ ಕೂಡ ಎಂಬುದು ಅವರ ವಾದದ ತಿರುಳು. ಶಂಶಾದ್ ಖಾನ್ ಅವರೊಡನೆ 2014ರಲ್ಲಿ ಬರೆದ ಪ್ರಬಂಧದಲ್ಲಿ ಲಾರ್‌ವೇ ಈ ವಾದವನ್ನು ನಕ್ಷೆ, ನೋಂದಣಿ, ಮೇಲ್ವಿಚಾರಣೆಗಳಿಗೂ ವಿಸ್ತರಿಸಿದರು. 2017ರ ಅವರ ಪುಸ್ತಕ ಭಾರತವನ್ನು ಆಫ್ರಿಕಾದ ಅನುಭವಗಳ ಜೊತೆಗಿಟ್ಟು ನೋಡುತ್ತದೆ. ತಾವೂ ಭಾಗಿಯಾದ ಕೆಲಸವನ್ನು ಇಷ್ಟು ನಿಷ್ಠುರವಾಗಿ ಒರೆಗೆ ಹಚ್ಚುವ ಬರಹ ಕರ್ನಾಟಕವನ್ನು ಕುರಿತ ಆರೋಗ್ಯ ಸಾಹಿತ್ಯದಲ್ಲಿ ಅಪರೂಪ. ಅದರಲ್ಲಿ ಒಂದು ಕೊರತೆಯೂ ಉಂಟು: ಬರಹದ ಪರಿಭಾಷೆ ಎಷ್ಟು ಬಿಗಿಯೆಂದರೆ, ಯಾರ ಬದುಕನ್ನು ಕುರಿತು ಅದು ಬರೆಯಲ್ಪಟ್ಟಿದೆಯೋ ಅವರು ಅದರೊಡನೆ ವಾದಕ್ಕಿಳಿಯಲಾರರು.

ಸಮುದಾಯವು ಬೇಡವೆನ್ನುವ ಶಕ್ತಿಯನ್ನು ಪಡೆದಾಗ ಏನಾಗುತ್ತದೆ ಎಂಬುದಕ್ಕೆ ಪ್ರೆಪ್ ಎಂಬ ಔಷಧದ ಚರಿತ್ರೆ ನಿದರ್ಶನ. ಸೋಂಕಿಲ್ಲದವರು ಸೋಂಕು ತಗುಲದಿರಲೆಂದು ಮುಂಚಿತವಾಗಿ ನುಂಗುವ ಮಾತ್ರೆಯಿದು. 2004ರಲ್ಲಿ ಕಾಂಬೋಡಿಯಾದಲ್ಲಿ ಇದರ ಪ್ರಯೋಗ ನಡೆಸಲು ಹೊರಟಾಗ, ಪ್ರಯೋಗದಿಂದ ತೊಂದರೆಯಾದರೆ ಮುಂದಿನ ಚಿಕಿತ್ಸೆಯ ಹೊಣೆ ಯಾರದೆಂದು ಲೈಂಗಿಕ ಕಾರ್ಯಕರ್ತೆಯರು ಕೇಳಿದರು. ತೃಪ್ತಿಕರ ಉತ್ತರ ಬಾರದೆ ಪ್ರತಿಭಟನೆ ನಡೆದು, ಅಲ್ಲಿನ ಸರ್ಕಾರ ಪ್ರಯೋಗವನ್ನೇ ನಿಲ್ಲಿಸಿತು. ಇದೇ ಮಾತ್ರೆಯನ್ನು ಭಾರತದಲ್ಲಿ ಕೊಟ್ಟುನೋಡುವ ಯೋಜನೆ ಹಲವು ವರ್ಷಗಳ ತರುವಾಯ ಕೋಲ್ಕತ್ತ ಮತ್ತು ಮೈಸೂರುಗಳಲ್ಲಿ ಆರಂಭವಾದಾಗ ಅದನ್ನು ನಡೆಸಿದವರು ಸಮುದಾಯದ ಸಂಘಗಳೇ. ಮೈಸೂರಿನಲ್ಲಿ ಆಶೋದಯದ ಮೂಲಕ 600ಕ್ಕೂ ಹೆಚ್ಚು ಮಹಿಳೆಯರು ಸೇರಿಕೊಂಡರು ಮತ್ತು ಬಹುತೇಕ ಎಲ್ಲರೂ ಕೊನೆಯವರೆಗೂ ಉಳಿದರು. ಕಾಂಬೋಡಿಯಾದಲ್ಲಿ ಮುರಿದುಬಿದ್ದ ಮಾತುಕತೆ ಮೈಸೂರಿನಲ್ಲಿ ಮೊದಲೇ ನಡೆದಿತ್ತು, ವ್ಯತ್ಯಾಸವಿದ್ದದ್ದು ಅಲ್ಲಿ.

ಬೆಂಗಳೂರಿನಲ್ಲಿ ದಾರಿ ಬೇರೆಯಿತ್ತು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ಲೈಂಗಿಕ ಅಲ್ಪಸಂಖ್ಯಾತರ ಬಗ್ಗೆಯೂ 2003ರಲ್ಲಿ ಕೋಥಿ (ಹೆಣ್ತನವನ್ನು ಮೈಗೂಡಿಸಿಕೊಂಡ ಪುರುಷರು) ಮತ್ತು ಹಿಜಡಾ ಸಮುದಾಯಗಳ ಬಗ್ಗೆಯೂ ಹೊರತಂದ ವರದಿಗಳು ಹಕ್ಕುಗಳ ದಾಖಲೆಗಳಾಗಿದ್ದು, ಆರೋಗ್ಯದ ಪ್ರಶ್ನೆ ಅವುಗಳಲ್ಲಿ ಹಿಂಸೆಯ ಪ್ರಶ್ನೆಯ ಬೆನ್ನಿಗೇ ಬರುತ್ತದೆ. ಎಚ್‌ಐವಿಯ ಆಚೆಗೆ ನೋಡಿದ ಮುಖ್ಯ ಪ್ರಯತ್ನ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯದು. ಅದು ಕಾಡುಗೊಂಡನಹಳ್ಳಿಯ ಬಡ ಕುಟುಂಬಗಳ ನಡುವೆ ಸಮುದಾಯದ ಆರೋಗ್ಯ ಸಹಾಯಕಿಯರ ನೆರವಿನಿಂದ ಕ್ರಿಯಾ ಸಂಶೋಧನೆ, ಅಂದರೆ ಸಮಸ್ಯೆಯನ್ನು ಅಳೆಯುತ್ತಲೇ ಪರಿಹಾರಕ್ಕೂ ಕೈಹಾಕುವ ಸಂಶೋಧನೆ, ನಡೆಸಿತು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಉಳ್ಳವರ ಕಾಯಿಲೆಗಳೆಂಬ ನಂಬಿಕೆಯನ್ನು ಅಲ್ಲಿನ ಅಂಕಿಗಳು ಸುಳ್ಳು ಮಾಡಿದವು. 2012ರಲ್ಲಿ ಪ್ರಕಟವಾದ ಅಧ್ಯಯನದಂತೆ, ದೀರ್ಘಕಾಲದ ಕಾಯಿಲೆಯವರಿದ್ದ ಸುಮಾರು 3,200 ಕುಟುಂಬಗಳ ಪೈಕಿ ಶೇ. 16ರಷ್ಟು ತಮ್ಮ ವರಮಾನದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಹೊರರೋಗಿ ಚಿಕಿತ್ಸೆಗೇ ಸುರಿಯುತ್ತಿದ್ದವು.

ಇಷ್ಟೆಲ್ಲ ಬೆಳೆದ ಈ ಕ್ಷೇತ್ರದ ಭೂಪಟ ಮಾತ್ರ ಬಹಳ ಕಿರಿದು. ಮೈಸೂರು, ಬೆಂಗಳೂರು, ಉತ್ತರದ ಕೆಲವು ಜಿಲ್ಲೆಗಳನ್ನು ಬಿಟ್ಟರೆ ಉಳಿದ ಕಡೆ ಸಂಶೋಧನೆಯೆಂದರೆ ಇಂದಿಗೂ ಬಹುಮಟ್ಟಿಗೆ ನಮೂನೆ ತುಂಬುವ ಸಮೀಕ್ಷೆಯೇ. ನೆರೆಯ ಹಾಸನ ಜಿಲ್ಲೆಯನ್ನೇ ನೋಡಬಹುದು: ಹೊಳೆನರಸೀಪುರ, ಹಾಸನಗಳು ಮೈಸೂರಿನ ರೈಲುಮಾರ್ಗದಲ್ಲೇ ಇವೆ. ಅರಕಲಗೂಡಿನಿಂದ ಮೈಸೂರು ಒಂದು ಹೊತ್ತಿನ ಬಸ್ ಪ್ರಯಾಣ. ಆದರೂ ಈ ಊರುಗಳ ಪೌರಕಾರ್ಮಿಕರು, ರಾಮನಾಥಪುರದ ಹರಾಜು ಕಟ್ಟೆಗೆ ಹೋಗುವ ತಂಬಾಕನ್ನು ಕಟಾವು ಮಾಡಿ, ಬೇಯಿಸಿ, ಬಿಡಿಸುವ ಕೂಲಿಕಾರರು, ಚನ್ನರಾಯಪಟ್ಟಣದ ಹೆದ್ದಾರಿ ಬದಿಯಲ್ಲಿ ದುಡಿಯುವವರು ಆರೋಗ್ಯ ಇಲಾಖೆಯ ಅಂಕಿಯಾಗಿ ಕಾಣಿಸಿಕೊಳ್ಳುತ್ತಾರೆಯೇ ಹೊರತು ಪ್ರಶ್ನೆ ಕೇಳುವವರಾಗಿ ಅಲ್ಲ. ಹಸಿ ತಂಬಾಕಿನ ಎಲೆಯನ್ನು ದಿನವಿಡೀ ಮುಟ್ಟುವವರಿಗೆ ಚರ್ಮದ ಮೂಲಕ ನಿಕೋಟಿನ್ ಇಳಿದು ತಲೆಸುತ್ತು, ವಾಂತಿ ಬರುವುದು ವೈದ್ಯಶಾಸ್ತ್ರಕ್ಕೆ ಗೊತ್ತಿರುವ ವಿಷಯ. ಅದನ್ನು ಅರಕಲಗೂಡಿನ ಹೆಂಗಸರು ಏನೆಂದು ಅರ್ಥಮಾಡಿಕೊಳ್ಳುತ್ತಾರೆ, ಆ ದಿನದ ಕೂಲಿ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆಯೇ ಎಂಬುದನ್ನು ತಿಳಿಯಲು ಮೈಸೂರಿನ ನಕ್ಷೆಯೂ ಮತಗಟ್ಟೆ ಪೆಟ್ಟಿಗೆಗಳೂ ಸಾಕು. ವಿದೇಶದ ಪ್ರತಿಷ್ಠಾನ ಬೇಕಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮಾನವಶಾಸ್ತ್ರ ವಿಭಾಗವಿದೆ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ, ಹಾಸನದಲ್ಲಿ 2006ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಈ ಮೂರೂ ಸೇರಿ ತಾಲ್ಲೂಕು ಕೇಂದ್ರಗಳ ದುಡಿಯುವ ಜನರೊಡನೆ ಇಂಥದೊಂದು ಅಧ್ಯಯನವನ್ನು ಕೈಗೆತ್ತಿಕೊಳ್ಳಬೇಕು, ಪ್ರಶ್ನೆಗಳನ್ನು ಅವರೊಡನೆ ಕೂತು ರೂಪಿಸಬೇಕು, ಮತ್ತು ವರದಿಯನ್ನು ಇಂಗ್ಲಿಷ್ ನಿಯತಕಾಲಿಕಕ್ಕೆ ಕಳಿಸುವ ಮುನ್ನ ಕನ್ನಡದಲ್ಲಿ ಅವರ ಮುಂದೆ ಓದಬೇಕು.