ಆಮ್ಲಜನಕವೆಂಬ ಹೆಸರಿನ ಹಿಂದೆ

'ಆಮ್ಲಜನಕವನ್ನು ಕಂಡುಹಿಡಿದವರು ಯಾರು?' ಒಂದು ಅಂಕದ ಈ ಪ್ರಶ್ನೆಗೆ 'ಪ್ರೀಸ್ಟ್ಲಿ, 1774' ಎಂದು ಬರೆದು ಅಂಕ ಪಡೆದವರು ನಿಮ್ಮಲ್ಲಿ ಅನೇಕರಿದ್ದೀರಿ. ಉತ್ತರ ತಪ್ಪೆಂದು ನಾನು ಹೇಳುವುದಿಲ್ಲ. (ಸ್ವೀಡನ್ನಿನ ಶೀಲೆ ಅದಕ್ಕೂ ಮೊದಲೇ ಈ ಅನಿಲವನ್ನು ಪಡೆದಿದ್ದನು, ಆದರೆ ಆತನ ಪುಸ್ತಕ ಹೊರಬಂದದ್ದು 1777ರಲ್ಲಿ.) ಸ್ವಾರಸ್ಯವೆಂದರೆ, ಪ್ರೀಸ್ಟ್ಲಿಯೇ ಆ ಉತ್ತರವನ್ನು ಒಪ್ಪುತ್ತಿರಲಿಲ್ಲ. ತಾನು ಪಡೆದದ್ದು 'ಫ್ಲಾಜಿಸ್ಟನ್ ಕಳೆದ ಗಾಳಿ' ಎಂದೇ ಆತನು 1804ರಲ್ಲಿ ತೀರಿಕೊಳ್ಳುವವರೆಗೂ ನಂಬಿದ್ದನು.

ಫ್ಲಾಜಿಸ್ಟನ್ ಎಂಬುದು ಉರಿಯುವ ವಸ್ತುಗಳಲ್ಲೆಲ್ಲ ಅಡಗಿದೆಯೆಂದು ಹದಿನೆಂಟನೆಯ ಶತಮಾನದ ರಸಾಯನಜ್ಞರು ಭಾವಿಸಿದ್ದ ತತ್ತ್ವ. ಜರ್ಮನಿಯ ಸ್ಟಾಲ್ ಇದನ್ನು ಪ್ರಚುರಪಡಿಸಿದವನು. ಇದನ್ನು ಕೇಳಿ ನಗುವವರು ಒಮ್ಮೆ ಸೌದೆಯ ಒಲೆಯ ಮುಂದೆ ಕುಳಿತು ನೋಡಬೇಕು. ಸೌದೆಯಿಂದ ಏನೋ ಹೊರಟುಹೋಗಿ ಹಿಡಿ ಬೂದಿ ಉಳಿಯುವುದು ಕಣ್ಣಿಗೇ ಕಾಣುತ್ತದೆ. ಮುಚ್ಚಿದ ಪಾತ್ರೆಯಲ್ಲಿ ದೀಪ ಆರುವುದೇಕೆ? ಒಳಗಿನ ಗಾಳಿ ಇನ್ನಷ್ಟು ಫ್ಲಾಜಿಸ್ಟನ್ನನ್ನು ಹೀರಲಾರದು. ಲೋಹವನ್ನು ಕಾಸಿದರೆ ಭಸ್ಮವಾಗುವುದೇಕೆ? ಅದರ ಫ್ಲಾಜಿಸ್ಟನ್ ಹೋಯಿತು. ಆ ಭಸ್ಮವನ್ನು ಇದ್ದಿಲಿನೊಡನೆ ಕಾಸಿದರೆ ಮರಳಿ ಲೋಹ ದೊರೆಯುವುದೇಕೆ? ಇದ್ದಿಲು ತನ್ನ ಫ್ಲಾಜಿಸ್ಟನ್ನನ್ನು ಅದಕ್ಕೆ ಕೊಟ್ಟಿತು. ಒಂದೇ ಊಹೆಯಿಂದ ಇಷ್ಟು ಸಂಗತಿಗಳನ್ನು ವಿವರಿಸಿದವರನ್ನು ದಡ್ಡರೆನ್ನಲು ನನಗೆ ಬಾಯಿ ಬರುವುದಿಲ್ಲ.

1774ರ ಆಗಸ್ಟ್ 1ರಂದು ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮದ ಮೇಲೆ ಭೂತಗನ್ನಡಿಯಿಂದ ಬಿಸಿಲನ್ನು ಕೇಂದ್ರೀಕರಿಸಿ ಹೊಸದೊಂದು ಗಾಳಿಯನ್ನು ಪಡೆದನು. ಅದರಲ್ಲಿ ಮೇಣದಬತ್ತಿ ಪ್ರಖರವಾಗಿ ಉರಿಯಿತು. ಸಾಮಾನ್ಯ ಗಾಳಿಯಲ್ಲಿ ಕಾಲು ಗಂಟೆ ಬದುಕಬಹುದಾದ ಇಲಿ ಇದರಲ್ಲಿ ಅರ್ಧ ಗಂಟೆ ಬದುಕಿತು. ಆತನ ತರ್ಕ ಸರಳ: ಈ ಗಾಳಿಯಲ್ಲಿ ಫ್ಲಾಜಿಸ್ಟನ್ ಇಲ್ಲ, ಆದ್ದರಿಂದಲೇ ಅದನ್ನು ಹೀರಲು ಇಷ್ಟು ಆತುರ!

ಅದೇ ಅಕ್ಟೋಬರಿನಲ್ಲಿ ಪ್ಯಾರಿಸ್ಸಿನ ಒಂದು ಭೋಜನದಲ್ಲಿ ಆತನು ಇದನ್ನು ಲವಾಸಿಯೇನಿಗೆ ತಿಳಿಸಿದನು. ಲವಾಸಿಯೇ ತಕ್ಕಡಿಯನ್ನು ನಂಬುವ ಮನುಷ್ಯ. ತವರ, ಸೀಸಗಳು ಭಸ್ಮವಾದಾಗ ತೂಕ ಹೆಚ್ಚುತ್ತದೆಂಬುದು ಹಳೆಯ ಸಂಗತಿಯೇ. ಹೊರಟುಹೋಗುವ ವಸ್ತು ತೂಕ ಹೆಚ್ಚಿಸುವುದೆಂತು? ಆತನು ಪಾದರಸವನ್ನು ಮುಚ್ಚಿದ ಪಾತ್ರೆಯಲ್ಲಿ 12 ದಿನ ಕಾಸಿದನು. ಒಳಗಿನ 50 ಘನ ಅಂಗುಲ ಗಾಳಿಯಲ್ಲಿ ಏಳೆಂಟು ಅಂಗುಲ ಕಡಿಮೆಯಾಯಿತು. 45 ಗ್ರೇನ್ ಕೆಂಪು ಭಸ್ಮ ದೊರೆಯಿತು. ಆ ಭಸ್ಮವನ್ನೇ ಮತ್ತೆ ಬಲವಾಗಿ ಕಾಸಿದಾಗ, ಕಳೆದಿದ್ದ ಅಷ್ಟೇ ಗಾಳಿ ಮರಳಿ ಬಂದಿತು. ಉರಿಯುವುದೆಂದರೆ ಕಳೆದುಕೊಳ್ಳುವುದಲ್ಲ, ಕೂಡಿಕೊಳ್ಳುವುದು.

ಕಥೆ ಇಲ್ಲಿಗೇ ಮುಗಿದಿದ್ದರೆ ಗೆದ್ದವನು ಜಾಣ, ಸೋತವನು ದಡ್ಡ ಎಂದಾಗುತ್ತಿತ್ತು. ಆದರೆ ಲವಾಸಿಯೇ ಈ ಅನಿಲವೇ ಎಲ್ಲ ಆಮ್ಲಗಳಿಗೂ ಮೂಲವೆಂದು ತಿಳಿದು, ಗ್ರೀಕ್ ಪದಗಳಿಂದ 'ಆಕ್ಸಿಜನ್' ಎಂಬ ಹೆಸರನ್ನು ಕಟ್ಟಿದನು. ಅದರ ಅರ್ಥ ಆಮ್ಲವನ್ನು ಹುಟ್ಟಿಸುವುದು. ಹೈಡ್ರೋಕ್ಲೋರಿಕ್ ಆಮ್ಲದ ಅಣುವಿನಲ್ಲಿ ಅದು ಇಲ್ಲವೇ ಇಲ್ಲ. ಇದನ್ನು ಸ್ಪಷ್ಟಪಡಿಸಿದವನು ಇಂಗ್ಲೆಂಡಿನ ಡೇವಿ, 1810ರಲ್ಲಿ. ಅಷ್ಟರಲ್ಲಿ ಹೆಸರು ನೆಲೆನಿಂತಿತ್ತು, ನಮ್ಮವರೂ ಅದನ್ನೇ ಕನ್ನಡಿಸಿದರು. 'ಜಲಜನಕ' ಸರಿಯಾದ ಹೆಸರು. 'ಆಮ್ಲಜನಕ'ದಲ್ಲಿ ಲವಾಸಿಯೇಯ ತಪ್ಪು ಅಚ್ಚಳಿಯದೆ ಉಳಿದಿದೆ. ಫ್ಲಾಜಿಸ್ಟನ್ನನ್ನು ಹೊರಹಾಕಿದ ಈತನೇ 1789ರ ತನ್ನ ಮೂಲವಸ್ತುಗಳ ಪಟ್ಟಿಯಲ್ಲಿ ಶಾಖವನ್ನೂ ಒಂದು ವಸ್ತುವೆಂದು ಸೇರಿಸಿದ್ದನು.

ನಿಮ್ಮಲ್ಲಿ ಕೆಲವರು ಈಗ ಅಧ್ಯಾಪಕರಾಗಿದ್ದೀರಿ. ಈ ಪಾಠ ಬಂದಾಗ ಮೊದಲ ಹತ್ತು ನಿಮಿಷ ಮಕ್ಕಳನ್ನು ಫ್ಲಾಜಿಸ್ಟನ್ನಿನ ಪರವಾಗಿ ವಾದಿಸಲು ಬಿಡಿ. ಅವರು ಚೆನ್ನಾಗಿಯೇ ವಾದಿಸುತ್ತಾರೆ. ತೂಕದ ಲೆಕ್ಕವನ್ನು ಆಮೇಲೆ ಹಲಗೆಯ ಮೇಲೆ ಬರೆಯಿರಿ.