ಟಾಲ್‌ಸ್ಟಾಯ್ ಫಾರ್ಮ್: ಸರಳ ಬದುಕಿನ ಕನಸು, ಹೋರಾಟದ ಲೆಕ್ಕ

ಪಟ್ಟಣದ ಗದ್ದಲ ಬಿಟ್ಟು ಎಲ್ಲಾದರೂ ನಾಲ್ಕು ಎಕರೆ ಜಮೀನು ಕೊಳ್ಳಬೇಕು, ಬೇಕಾದ ಕಾಯಿಪಲ್ಲೆ ತಾವೇ ಬೆಳೆದುಕೊಳ್ಳಬೇಕು, ಯಾರ ಹಂಗೂ ಇಲ್ಲದೆ ಬದುಕಬೇಕು ಎಂಬ ಆಸೆ ಇಂದಿನವರದು ಮಾತ್ರವಲ್ಲ. ಯಂತ್ರಗಳು ಬಂದು ನಗರಗಳು ಬೆಳೆಯತೊಡಗಿದ ಕಾಲದಿಂದಲೂ ಈ ಕನಸು ಮನುಷ್ಯನ ಬೆನ್ನು ಹತ್ತಿದೆ. ಅಮೆರಿಕದ ಹೆನ್ರಿ ಡೇವಿಡ್ ಥೋರೋ 1845ರಲ್ಲಿ ವಾಲ್ಡನ್ ಕೊಳದ ದಂಡೆಯಲ್ಲಿ ಪುಟ್ಟ ಮನೆ ಕಟ್ಟಿಕೊಂಡು ಎರಡು ವರ್ಷ ಎರಡು ತಿಂಗಳು ಒಬ್ಬರೇ ಇದ್ದರು. ರಷ್ಯಾದ ಲಿಯೋ ಟಾಲ್‌ಸ್ಟಾಯ್ ದೊಡ್ಡ ಜಮೀನ್ದಾರರಾಗಿದ್ದರೂ ನೇಗಿಲು ಹಿಡಿದರು, ತಮ್ಮ ಕೈಯಾರೆ ಬೂಟು ಹೊಲಿದರು.

ಇವೆಲ್ಲ ಒಬ್ಬೊಬ್ಬರ ಮನಸ್ಸಿನ ಹಂಬಲಗಳು. ಅದೇ ಕನಸು ಒಂದು ಸಮುದಾಯದ ಅಳಿವು ಉಳಿವಿನ ಪ್ರಶ್ನೆಯಾದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ದಕ್ಷಿಣ ಆಫ್ರಿಕದ ಭಾರತೀಯರ ನಡುವೆ.

ರೈಲಿನಲ್ಲಿ ಓದಿದ ಪುಸ್ತಕ

1904ರಲ್ಲಿ ಗಾಂಧೀಜಿ ಜೋಹಾನ್ಸ್‌ಬರ್ಗ್‌ನಲ್ಲಿ ಹೆಸರು ಮಾಡಿದ ವಕೀಲರು. ಒಮ್ಮೆ ಅವರು ಡರ್ಬನ್‌ಗೆ ಹೊರಟಾಗ ಗೆಳೆಯ ಹೆನ್ರಿ ಪೋಲಾಕ್ ದಾರಿಯಲ್ಲಿ ಓದಲೆಂದು ಜಾನ್ ರಸ್ಕಿನ್ ಅವರ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕ ಕೊಟ್ಟರು. 24 ಗಂಟೆಯ ಪ್ರಯಾಣ. ಪುಸ್ತಕ ಕೆಳಗಿಡಲು ಆಗಲಿಲ್ಲ, ರಾತ್ರಿ ನಿದ್ರೆಯೂ ಬರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ, ಉಳುವವನ ಮತ್ತು ಕೈಕಸುಬಿನವನ ಬದುಕೇ ಬಾಳತಕ್ಕ ಬದುಕು ಎಂಬ ತಿಳಿವಳಿಕೆ ಅದರಿಂದ ಅವರಿಗೆ ಬಂತು.

ಓದಿದ್ದು ಓದಿಗೇ ನಿಲ್ಲಲಿಲ್ಲ. ಡರ್ಬನ್‌ನಿಂದ 14 ಮೈಲಿ ದೂರದ ಫೀನಿಕ್ಸ್‌ನಲ್ಲಿ ಒಂದು ಸಾವಿರ ಪೌಂಡ್ ಕೊಟ್ಟು 100 ಎಕರೆ ಕೊಂಡರು. ‘ಇಂಡಿಯನ್ ಒಪಿನಿಯನ್’ ಪತ್ರಿಕೆಯ ಮುದ್ರಣಾಲಯವನ್ನೇ ಅಲ್ಲಿಗೆ ಸಾಗಿಸಿದರು. ದುಡಿಯುವವರಿಗೆಲ್ಲ ತಿಂಗಳಿಗೆ 3 ಪೌಂಡ್, ಸಾಗುವಳಿಗೆ ತಲಾ 3 ಎಕರೆ ಎಂದು ಗೊತ್ತಾಯಿತು.

ಕನಸಿಗೆ ಮೊದಲ ಪೆಟ್ಟು ಬಿದ್ದದ್ದು ಮೊದಲ ಸಂಚಿಕೆಯ ರಾತ್ರಿಯೇ. ಅಚ್ಚಿನ ಯಂತ್ರ ನಡೆಸುವ ಎಣ್ಣೆಯ ಎಂಜಿನ್ ಕೈಕೊಟ್ಟಿತು. ಮುನ್ನೆಚ್ಚರಿಕೆಗೆಂದು ಇರಿಸಿದ್ದ ಕೈಚಕ್ರವನ್ನು ತಿರುಗಿಸಲು ಒಮ್ಮೆಗೆ ನಾಲ್ಕು ಜನ ಬೇಕು. ದಣಿದು ಮಲಗಿದ್ದ ಬಡಗಿಗಳನ್ನು ಎಬ್ಬಿಸಿ, ಗಾಂಧೀಜಿಯೂ ಸೇರಿ ಬೆಳಗಾಗುವವರೆಗೆ ಚಕ್ರ ತಿರುಗಿಸಿದರು. ಪತ್ರಿಕೆ ಹೊತ್ತಿಗೆ ಸರಿಯಾಗಿ ಹೊರಬಂತು.

ರೈತರಂತೆ ಹುಲ್ಲು ಹೊದಿಸಿದ ಮಣ್ಣಿನ ಗುಡಿಸಲಲ್ಲಿ ಇರಬೇಕೆಂಬ ಆಸೆಯೂ ಕೈಗೂಡಲಿಲ್ಲ. ಮಣ್ಣಿನ ಮನೆಗೆ ಖರ್ಚು ಹೆಚ್ಚು, ಸಮಯವೂ ಹೆಚ್ಚು. ಕೊನೆಗೆ ಕಾರ್ಖಾನೆಯ ತಗಡಿನ ಮನೆಗಳೇ ಎದ್ದವು. ಇದನ್ನೆಲ್ಲ ಕಟ್ಟಿದ ಗಾಂಧೀಜಿಗೆ ವಕೀಲಿಯ ಕೆಲಸದಿಂದಾಗಿ ಅಲ್ಲಿ ನೆಲೆಸಿರಲು ಆಗಲಿಲ್ಲ. ಆಗೊಮ್ಮೆ ಈಗೊಮ್ಮೆ ಬಂದುಹೋಗುವುದಷ್ಟೇ ಅವರ ಪಾಲಿಗೆ ಉಳಿಯಿತು.

ಹಸಿವಿಗೆ ಹೆದರದಿರಲು

ಎರಡನೆಯ ಪ್ರಯೋಗದ ಹಿಂದೆ ಪುಸ್ತಕ ಇರಲಿಲ್ಲ, ಕಷ್ಟ ಇತ್ತು. ಭಾರತೀಯರೆಲ್ಲ ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ 1907ರ ಟ್ರಾನ್ಸ್‌ವಾಲ್ ಕಾಯ್ದೆಯನ್ನು ಧಿಕ್ಕರಿಸಿ ನೂರಾರು ಜನ ಜೈಲು ಸೇರಿದ್ದರು. ದುಡಿಯುವವನು ಜೈಲಿಗೆ ಹೋದರೆ ಹೆಂಡತಿ ಮಕ್ಕಳ ಗತಿ ಏನು? ಸತ್ಯಾಗ್ರಹ ಸಂಘ ಪ್ರತಿ ಕುಟುಂಬಕ್ಕೂ ತಿಂಗಳಿಗಿಷ್ಟು ಹಣ ಕೊಡುತ್ತಿತ್ತು. ಹೋರಾಟ ಎಷ್ಟು ವರ್ಷ ನಡೆದೀತೆಂಬುದು ಯಾರಿಗೂ ಗೊತ್ತಿರಲಿಲ್ಲ. ನಿಧಿ ಕರಗಿದರೆ ಹೋರಾಟವೂ ಕರಗುತ್ತದೆ. ಎಲ್ಲ ಕುಟುಂಬಗಳೂ ಒಂದೆಡೆ ಇದ್ದು ಒಂದೇ ಅಡುಗೆಮನೆಯಲ್ಲಿ ಉಂಡರೆ ಖರ್ಚು ಇಳಿಯುತ್ತದೆ, ಪಕ್ಷಪಾತದ ಮಾತೂ ಬರುವುದಿಲ್ಲ ಎಂಬುದು ಗಾಂಧೀಜಿಯ ಲೆಕ್ಕಾಚಾರವಾಗಿತ್ತು. ಫೀನಿಕ್ಸ್ ದೂರದ ನೆಟಾಲ್‌ನಲ್ಲಿತ್ತು. ಜೋಹಾನ್ಸ್‌ಬರ್ಗ್‌ಗೆ ಹತ್ತಿರದಲ್ಲೇ ಜಾಗ ಬೇಕಿತ್ತು.

ನೆರವಿಗೆ ಬಂದವರು ಯಹೂದಿ ವಾಸ್ತುಶಿಲ್ಪಿ ಹರ್ಮನ್ ಕಲೆನ್‌ಬಾಕ್. ಜೋಹಾನ್ಸ್‌ಬರ್ಗ್‌ನಿಂದ 21 ಮೈಲಿ ದೂರದಲ್ಲಿ, ಲಾಲಿ ರೈಲು ನಿಲ್ದಾಣದ ಬಳಿ 1,100 ಎಕರೆ ಕೊಂಡು, 1910ರ ಮೇ 30ರಂದು ಬಾಡಿಗೆಯಿಲ್ಲದೆ ಸತ್ಯಾಗ್ರಹಿಗಳಿಗೆ ಬಿಟ್ಟುಕೊಟ್ಟರು. ಎರಡು ಬಾವಿ, ಒಂದು ಊಟೆ, ಕಿತ್ತಳೆ, ಪ್ಲಮ್ ಮುಂತಾದ ಸುಮಾರು ಸಾವಿರ ಹಣ್ಣಿನ ಮರ ಅಲ್ಲಿದ್ದವು. ಅದಕ್ಕೆ ‘ಟಾಲ್‌ಸ್ಟಾಯ್ ಫಾರ್ಮ್’ ಎಂಬ ಹೆಸರಾಯಿತು.

ಆಳುಗಳಿಲ್ಲ. ಅಡುಗೆ, ಸಾಗುವಳಿ, ಮನೆ ಕಟ್ಟುವುದು, ಕಸ ಗುಡಿಸುವುದು ಎಲ್ಲವೂ ಅಲ್ಲಿನವರದೇ. ಊಟೆಯ ನೀರನ್ನು ಸುಮಾರು 500 ಗಜ ದೂರದಿಂದ ಹೆಗಲ ಮೇಲೆ ಹೊತ್ತು ತರಬೇಕು. ಗೋಧಿಯನ್ನು ಕೈಗಿರಣಿಯಲ್ಲಿ ಬೀಸಿ ರೊಟ್ಟಿ, ಶೇಂಗಾ ಅರೆದು ಬೆಣ್ಣೆ, ಕಿತ್ತಳೆಯಿಂದ ಮಾರ್ಮಲೇಡ್. ಕಲೆನ್‌ಬಾಕ್ ಟ್ರ್ಯಾಪಿಸ್ಟ್ ಸನ್ಯಾಸಿಗಳ ಮಠಕ್ಕೆ ಹೋಗಿ ಚಪ್ಪಲಿ ಮಾಡುವುದನ್ನು ಕಲಿತು ಬಂದರು. ಅವರಿಂದ ಗಾಂಧೀಜಿ ಕಲಿತರು, ಗಾಂಧೀಜಿಯಿಂದ ಇತರರು ಕಲಿತರು. ಮಲವನ್ನು ಗುಂಡಿಯಲ್ಲಿ ಹೂತು ಗೊಬ್ಬರ ಮಾಡಲಾಗುತ್ತಿತ್ತು. ಫಾರ್ಮಿನ ಕೆಲಸಕ್ಕೆ ಪಟ್ಟಣಕ್ಕೆ ಹೋಗುವವರಿಗೆ ಮೂರನೇ ದರ್ಜೆಯ ರೈಲು. ಸ್ವಂತ ಖುಷಿಗೆ ಹೋಗುವವರು ಬುತ್ತಿ ಕಟ್ಟಿಕೊಂಡು ನಡೆದೇ ಹೋಗಬೇಕು. ನಡುರಾತ್ರಿ ಎದ್ದು ಹೊರಟು ಪಟ್ಟಣದ ಕೆಲಸ ಮುಗಿಸಿ ಸಂಜೆಗೆ ಮರಳುವುದು ಹಲವರಿಗೆ ರೂಢಿಯಾಯಿತು.

ಗುಜರಾತಿ, ತಮಿಳು, ತೆಲುಗು, ಹಿಂದಿ ಮಾತನಾಡುವ ಹಿಂದೂ, ಮುಸ್ಲಿಂ, ಪಾರ್ಸಿ, ಕ್ರೈಸ್ತರು ಒಂದೇ ಪಂಕ್ತಿಯಲ್ಲಿ ಕುಳಿತರು. ಕೇಳಿದವರಿಗೆ ಮಾಂಸ ಒದಗಿಸಲೂ ಗಾಂಧೀಜಿ ಸಿದ್ಧರಿದ್ದರು. ಮಾತುಕತೆಯ ಬಳಿಕ ಎಲ್ಲರೂ ಸಸ್ಯಾಹಾರಕ್ಕೆ ಒಪ್ಪಿದರು. ರಂಜಾನ್ ಬಂದಾಗ ಮುಸ್ಲಿಂ ಹುಡುಗರ ಜೊತೆ ಇತರರೂ ಉಪವಾಸ ಹಿಡಿದರು.

ಸ್ವಾವಲಂಬನೆಯ ಮಿತಿ

ಇಷ್ಟಾದರೂ ಟಾಲ್‌ಸ್ಟಾಯ್ ಫಾರ್ಮ್ ಪೂರ್ಣ ಅರ್ಥದಲ್ಲಿ ಸ್ವಾವಲಂಬಿ ಆಗಿರಲಿಲ್ಲ. ಭೂಮಿ ಗೆಳೆಯನದು. ಮನೆಗಳು ಇಲ್ಲಿಯೂ ತಗಡಿನವೇ. ಹೋರಾಟದ ನಿಧಿಗೆ ಭಾರತದಿಂದ ಹಣ ಬರುತ್ತಿತ್ತು. ರತನ್ ಟಾಟಾ 1909ರಲ್ಲಿ 25,000 ರೂಪಾಯಿ ಕೊಟ್ಟಿದ್ದರು. ವಾಲ್ಡನ್‌ನ ಥೋರೋ ಇದ್ದದ್ದು ಕೂಡ ಗುರುವೂ ಮಿತ್ರರೂ ಆದ ಎಮರ್ಸನ್ ಅವರ ಜಮೀನಿನಲ್ಲೇ. ಯಾರ ಹಂಗೂ ಇಲ್ಲದ ಬದುಕು ಎಂಬುದು ಯಾರಿಗೂ ಪೂರ್ತಿಯಾಗಿ ದಕ್ಕಿದಂತಿಲ್ಲ.

ಆದರೆ ಟಾಲ್‌ಸ್ಟಾಯ್ ಫಾರ್ಮ್‌ನ ಗಳಿಕೆಯನ್ನು ಬೆಳೆಯ ಲೆಕ್ಕದಲ್ಲಿ ಅಳೆಯಲಾಗದು. ಕಡಿಮೆ ಅಗತ್ಯದಲ್ಲಿ ಬದುಕಲು ಕಲಿತವರನ್ನು ಜೈಲಿನಿಂದ ಹೆದರಿಸುವುದು ಕಷ್ಟ. ಅಲ್ಲಿನ ಗಂಡಸರು ಹಾಕುತ್ತಿದ್ದ ಒರಟು ನೀಲಿ ಬಟ್ಟೆಯ ಷರಾಯಿ, ಅಂಗಿಗಳು ಕೂಡ ಕೈದಿಗಳ ಉಡುಪಿನ ಮಾದರಿಯವು.

ತಲುಪದೆ ಹೋದ ಊರು

1913ರ ಆರಂಭದಲ್ಲಿ ಗಾಂಧೀಜಿ ಮತ್ತು ಉಳಿದಿದ್ದ ಕೆಲವರು ಫೀನಿಕ್ಸ್‌ಗೆ ಹೋದರು. ಫಾರ್ಮ್‌ನ ಕಾಲ ಮುಗಿಯಿತು ಎನ್ನುವಾಗಲೇ ಅದರ ಫಲ ಕಾಣಿಸಿಕೊಂಡಿತು. ಕರಾರು ಮುಗಿಸಿದ ಕೂಲಿಗಳ ಮೇಲೆ ಹೇರಿದ್ದ ವರ್ಷಕ್ಕೆ 3 ಪೌಂಡ್ ತಲೆಗಂದಾಯದ ವಿರುದ್ಧ ಆ ವರ್ಷ ಹೋರಾಟ ಎದ್ದಿತು. ಟಾಲ್‌ಸ್ಟಾಯ್ ಫಾರ್ಮ್‌ನಲ್ಲಿ ಬಾಳಿದ್ದ 11 ಮಹಿಳೆಯರು ನ್ಯೂಕ್ಯಾಸಲ್‌ನ ಕಲ್ಲಿದ್ದಲು ಗಣಿಗಳಿಗೆ ಹೋಗಿ ಭಾರತೀಯ ಕಾರ್ಮಿಕರನ್ನು ಮುಷ್ಕರಕ್ಕೆ ಎಬ್ಬಿಸಿದರು. ಅವರಲ್ಲಿ ಹೆಚ್ಚಿನವರು ತಮಿಳರು, ಆರು ಮಂದಿಯ ಕಂಕುಳಲ್ಲಿ ಎಳೆಗೂಸುಗಳಿದ್ದವು. ಎಲ್ಲರಿಗೂ ಮೂರು ತಿಂಗಳ ಸಜೆಯಾಯಿತು.

ನವೆಂಬರ್ 6ರಂದು 2,037 ಗಂಡಸರು, 127 ಹೆಂಗಸರು, 57 ಮಕ್ಕಳು ಗಾಂಧೀಜಿಯ ಹಿಂದೆ ಟ್ರಾನ್ಸ್‌ವಾಲ್ ಗಡಿಯತ್ತ ನಡೆದರು. ದಾರಿಯಲ್ಲಿ ಬಂಧಿಸದಿದ್ದರೆ ದಿನಕ್ಕೆ 20 ಮೈಲಿಗೂ ಮೀರಿ ನಡೆದು, ಎಂಟು ದಿನಗಳಲ್ಲಿ ಟಾಲ್‌ಸ್ಟಾಯ್ ಫಾರ್ಮ್ ಸೇರಿ, ಹೋರಾಟ ಮುಗಿಯುವವರೆಗೆ ಅಲ್ಲೇ ದುಡಿದು ಉಣ್ಣುವುದು ಅವರ ಯೋಜನೆಯಾಗಿತ್ತು. ನವೆಂಬರ್ 10ರಂದು ಬಾಲ್ಫರ್‌ನಲ್ಲಿ ಸರ್ಕಾರ ಅವರನ್ನು ತಡೆದು, ವಿಶೇಷ ರೈಲುಗಳಲ್ಲಿ ತುಂಬಿ ನೆಟಾಲ್‌ಗೆ ವಾಪಸು ಕಳಿಸಿತು.

ಅವರು ಫಾರ್ಮ್ ತಲುಪಲಿಲ್ಲ. ಮರುವರ್ಷ, 1914ರಲ್ಲಿ, 3 ಪೌಂಡ್ ಕಂದಾಯವನ್ನು ರದ್ದು ಮಾಡುವ ಕಾನೂನು ಬಂತು. ಸ್ವಂತ ದುಡಿಮೆಯ ಸರಳ ಬದುಕನ್ನು ಲೋಕದ ಜಂಜಾಟದಿಂದ ದೂರ ಹೋಗುವ ದಾರಿಯೆಂದು ನೆನೆಯುವವರೇ ಹೆಚ್ಚು. ಆ ಎರಡು ಸಾವಿರಕ್ಕೂ ಮಿಕ್ಕ ಜನರಿಗೆ ಅದು ಜಂಜಾಟದ ನಡುವೆ ಬೆನ್ನು ಬಾಗಿಸದೆ ನಿಲ್ಲಲು ಬೇಕಾದ ನೆಲೆಯಾಗಿತ್ತು.