ಜಾವಾ ಬಂತು, ಪಾರ್ಟ್ಸ್ ಬರಲಿಲ್ಲ

ನಮ್ಮ ಮಾವಳ್ಳಿಯ ಕಡಲಗಾಳಿಗೆ ಯಾವ ಬೈಕಾದ್ರೂ ತುಕ್ಕು ಹಿಡಿಯುತ್ತೆ. ಯೆಜ್ಡಿ ಇಟ್ಟವರಿಗೆ ಅದಕ್ಕಿಂತ ದೊಡ್ಡ ತಲೆನೋವು ಪಾರ್ಟ್ಸ್.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಶುರುವಾಗಿದ್ದು 1961ರಲ್ಲಿ. ಮೊದಲು ಚೆಕ್ ವಿನ್ಯಾಸದ ಜಾವಾ, 1973ರಿಂದ ಯೆಜ್ಡಿ. 1996ರಲ್ಲಿ ಬಾಗಿಲು ಮುಚ್ಚಿತು, ಗಾಡಿಗಳು ಮಾತ್ರ ನಿಲ್ಲಲಿಲ್ಲ. ಇದರಲ್ಲಿ ಕಿಕ್ಕರ್ರೇ ಗೇರ್ ಲಿವರ್! ಬೇರೆ ಕಂಪನಿಯದ್ದು ತಂದು ಸಿಕ್ಕಿಸೋಕಾಗಲ್ಲ. ಬುಶ್ ಬೇಕಾದ್ರೆ ಲೇತ್‌ನಲ್ಲಿ ಮಾಡಿಸಬಹುದು. ಒರಿಜಿನಲ್ ಕ್ರ್ಯಾಂಕ್‌ಕೇಸ್ ಒಡೆದ್ರೆ? ಹೆಚ್ಚಾಗಿ ಇನ್ನೊಂದು ಯೆಜ್ಡಿ ಬಿಚ್ಚಬೇಕು. ಬಿಕಾಂನಲ್ಲಿ ನಮಗೆ ಸವಕಳಿ ಲೆಕ್ಕ ಕಲಿಸಿದ್ರು; ಇಲ್ಲಿ ಗುಜರಿಗೇ ಬೆಲೆ.

2018ರಲ್ಲಿ ಜಾವಾ ಹೆಸರು ಮರಳಿತು, ಫೋರ್‌ಸ್ಟ್ರೋಕ್ ಎಂಜಿನ್ ಜೊತೆ. ಹಳೇ ಟೂ‌ಸ್ಟ್ರೋಕ್‌ಗೆ ಅದರ ಪಿಸ್ಟನ್ ಕೂರಲ್ಲ. ನಿಮ್ಮನೆ ಕೊಟ್ಟಿಗೇಲಿ ಯೆಜ್ಡಿ ಬಿದ್ದಿದ್ರೆ, ಕಿಲೋ ಲೆಕ್ಕದಲ್ಲಿ ಮಾರೋ ಮುಂಚೆ ಹಳೇ ಮೆಕ್ಯಾನಿಕ್ ಒಬ್ಬರಿಗೆ ತೋರಿಸಿ.